ಬಳ್ಳಾರಿ ಸೀಮೆಯ ಹಳೆಯ ಮಠಶಾಲೆಗಳಲ್ಲಿ ಶಿಕ್ಷೆ ಮತ್ತು ಶಿಕ್ಷಣ

ಕನ್ನಡದಲ್ಲಿ ‘ಶಿಕ್ಷೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಲಿಕೆ, ಉಪದೇಶ, ಅಭ್ಯಾಸ ಎಂಬುದು ಸಂಸ್ಕೃತ ಮೂಲದಿಂದ ಬಂದ ಅರ್ಥ. ದಂಡನೆ ಎಂಬುದು ಬಳಕೆಯಲ್ಲಿ ಬೆಳೆದು ನಿಂತ ಅರ್ಥ. ಕಲಿಸುವ ಕ್ರಿಯೆಗೂ ದಂಡಿಸುವ ಕ್ರಿಯೆಗೂ ಒಂದೇ ಶಬ್ದ ಸಾಲುವಷ್ಟು ಇವೆರಡೂ ನಮ್ಮ ಜನಮನದಲ್ಲಿ ಬೆಸೆದುಕೊಂಡಿವೆ. ಬೆತ್ತವಿಲ್ಲದೆ ವಿದ್ಯೆ ಬಾರದು, ಪೆಟ್ಟು ತಿನ್ನದ ಮಗು ಕಲಿಯದು ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಅದನ್ನು ಪ್ರಾಚೀನ ಗುರುಕುಲಗಳಿಂದ ಇಳಿದುಬಂದ ಪರಂಪರೆಯೆಂದೇ ಹಲವರು ಭಾವಿಸಿದ್ದಾರೆ. ಇನ್ನು ಕೆಲವರು ಇದಕ್ಕೆ ನೇರ ವಿರುದ್ಧವಾಗಿ, ನಮ್ಮ ಹಳೆಯ ಶಾಲೆಗಳು ಪ್ರೀತಿಯ ನೆಲೆಗಳಾಗಿದ್ದುವೆಂದೂ ದಂಡನೆಯ ಪದ್ಧತಿ ಆಂಗ್ಲರ ಕೊಡುಗೆಯೆಂದೂ ವಾದಿಸುತ್ತಾರೆ. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಲು ಬೇಕಾದ ಸಾಮಗ್ರಿ ಬಳ್ಳಾರಿ ಸೀಮೆಯಲ್ಲಿ ಹೇರಳವಾಗಿ ದೊರೆಯುತ್ತದೆ.

ಈ ಸೀಮೆಯಲ್ಲಿ ಗುರುಶಿಷ್ಯರ ನಡವಳಿಕೆಯನ್ನು ಕುರಿತ ಮಾತು ಮೊದಲು ಕೇಳಿಬರುವುದು ಕಲ್ಲಿನ ಮೇಲೆ. ಸಿರುಗುಪ್ಪದ ಪರಿಸರದ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಕಿರು ಬಂಡೆಶಾಸನಗಳು 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದುವು. ಇವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಹಾಗೂ ಆಂಧ್ರದ ಎರ್ರಗುಡಿ ಶಾಸನಗಳ ಬಳಗಕ್ಕೆ ಸೇರಿದವು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ ಇವುಗಳೊಡನೆ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬುದನ್ನೂ ಬ್ರಹ್ಮಗಿರಿಯ ಶಾಸನ ವಿಧಿಸುತ್ತದೆ. ಇದು ಪುರಾತನವಾದ ನಡೆಯೆಂದು ಹೇಳುತ್ತದೆ. ಎರ್ರಗುಡಿಯ ಪಾಠ ಒಂದು ಹೆಜ್ಜೆ ಮುಂದೆ ಹೋಗಿ, ಕಲಿಸುವವರಿಗೂ ಆಜ್ಞೆ ನೀಡುತ್ತದೆ: ಅವರು ತಮ್ಮ ಶಿಷ್ಯರಿಗೆ ಹಳೆಯ ಕ್ರಮದಂತೆ ತಿಳಿಯಹೇಳಬೇಕು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ರಾಜಾಜ್ಞೆಯಲ್ಲಿ ಗೌರವದ ಮಾತಿದೆ, ಕರ್ತವ್ಯದ ಮಾತಿದೆ; ಶಿಷ್ಯನಿಗೆ ದಂಡ ವಿಧಿಸುವ ಮಾತಿಲ್ಲ. ವಿನಯವು ಶಿಷ್ಯನೊಬ್ಬನ ಹೊಣೆಯಲ್ಲ, ಗುರುವಿಗೂ ಅದರಲ್ಲಿ ಪಾಲುಂಟು ಎಂಬ ತಿಳಿವಳಿಕೆ ಈ ನೆಲದ ಬಂಡೆಗಳಷ್ಟೇ ಹಳೆಯದು.

ಸಿರುಗುಪ್ಪದ ಬಂಡೆಗಳಿಂದ ಕುರುಗೋಡಿನ ದೇಗುಲಗಳಿಗೆ ಬಂದರೆ ಕಾಲ ಒಂದೂವರೆ ಸಹಸ್ರ ವರ್ಷ ಮುಂದೆ ಸರಿದಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಮನೆತನದ ಒಂದು ಶಾಖೆಗೆ ಕುರುಗೋಡು ರಾಜಧಾನಿಯಾಗಿತ್ತು. ಆ ಕಾಲದ ಶಿವಾಲಯಗಳೂ ಶಾಸನಗಳೂ ಇಂದಿಗೂ ಅಲ್ಲಿ ಉಳಿದಿವೆ. ದೊಡ್ಡಬಸವೇಶ್ವರನ ಬೃಹತ್ ನಂದಿ ಊರಿನ ಹೆಸರನ್ನು ನಾಡಿಗೆ ಸಾರುತ್ತಿದೆ. ಆ ಯುಗದಲ್ಲಿ ದೇಗುಲ ಮತ್ತು ಮಠಗಳೇ ವಿದ್ಯೆಯ ಆಶ್ರಯಸ್ಥಾನಗಳು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳನ್ನೂ, ದೀನಾನಾಥರಿಗೆ ನಡೆಯುತ್ತಿದ್ದ ಅನ್ನದಾನವನ್ನೂ ವಿವರಿಸುತ್ತದೆ. ಆದರೆ ಇಂತಹ ಶಾಸನಗಳು ಸಾಮಾನ್ಯವಾಗಿ ದಾನಿಯನ್ನೂ ಆಚಾರ್ಯನನ್ನೂ ಹೊಗಳುತ್ತವೆ, ಭೂಮಿಯ ಎಲ್ಲೆಯನ್ನು ಗುರುತಿಸುತ್ತವೆ. ಮಗುವೊಂದು ತಡವಾಗಿ ಬಂದರೆ ಏನು ಮಾಡುತ್ತಿದ್ದರು, ಪಾಠ ಒಪ್ಪಿಸದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವು ಹೇಳುವುದಿಲ್ಲ.

ಈ ಮಠಗಳ ನೆನಪು ಕನ್ನಡ ಭಾಷೆಯಲ್ಲಿ ಉಳಿದುಬಂದಿರುವುದು ಗಮನಾರ್ಹ. ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆಗೆ ‘ಮಠ’ವೆಂದೇ ಹೆಸರು, ಕೂಲಿ ಪಡೆದು ಕಲಿಸುವ ಕಡೆ ಅದು ‘ಕೂಲಿಮಠ’. ಕಲಿಸುವವರು ‘ಅಯ್ಯಗಳು’, ಜನರ ಬಾಯಲ್ಲಿ ‘ಐಗಳು’. ಉತ್ತರ ಕರ್ನಾಟಕದ ಜಂಗಮ ಕುಟುಂಬಗಳಲ್ಲಿ ‘ಸಾಲಿಮಠ’ ಎಂಬ ಮನೆತನದ ಹೆಸರು ಇಂದಿಗೂ ಬಳಕೆಯಲ್ಲಿದೆ. ವಿದ್ಯಾರಂಭಕ್ಕೆ ‘ಓನಾಮ’ ಎನ್ನುವುದು ಮಗುವಿನ ಮೊದಲ ಬರವಣಿಗೆಯಾದ ‘ಓಂ ನಮಃ’ ಎಂಬುದರ ರೂಢಿಯ ರೂಪ. ಇಂತಹ ಮಠಶಾಲೆಯ ಒಳಗನ್ನು ಕಣ್ಣಾರೆ ಕಂಡಂತೆ ತೋರಿಸುವ ದಾಖಲೆ ಬಳ್ಳಾರಿಯಲ್ಲೇ ಹುಟ್ಟಿತು.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು, ಮುಂದೆ 1820ರಲ್ಲಿ ಮದರಾಸಿನ ಗವರ್ನರನಾದನು. ಪ್ರಜೆಗಳ ವಿದ್ಯಾಭ್ಯಾಸದ ಸ್ಥಿತಿ ಸರ್ಕಾರಕ್ಕೆ ತಿಳಿದಿಲ್ಲವೆಂಬುದನ್ನು ಮನಗಂಡು, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ತೆಗೆಯಬೇಕೆಂದು 1822ರ ಜೂನ್ 25ರಂದು ಟಿಪ್ಪಣಿ ಬರೆದನು. ಅದಕ್ಕೆ ಉತ್ತರವಾಗಿ ಬಂದ ವರದಿಗಳಲ್ಲಿ ಹೆಚ್ಚಿನವು ಅಂಕಿಗಳ ಪಟ್ಟಿಗಳು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ಮಾತ್ರ ಇವುಗಳಿಗಿಂತ ಭಿನ್ನವಾದುದು. ತೆಲುಗು ವ್ಯಾಕರಣವೊಂದನ್ನು 1816ರಲ್ಲಿ ಪ್ರಕಟಿಸಿದ್ದ ಈ ಅಧಿಕಾರಿಗೆ ದೇಶಭಾಷೆಗಳ ಪರಿಚಯವಿತ್ತು. ಶಾಲೆಯ ದಿನಚರಿಯನ್ನು ಬರೆದಿಡಬೇಕೆಂಬ ಕುತೂಹಲವೂ ಇತ್ತು.

ಅಂದಿನ ಬಳ್ಳಾರಿ ಜಿಲ್ಲೆ ಬಹು ವಿಸ್ತಾರವಾದುದು. 1882ರಲ್ಲಿ ಬೇರೆಯಾದ ಅನಂತಪುರವೂ ಅದರೊಳಗಿತ್ತು. ವರದಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಎಂದರೆ ಶಾಲೆಯೊಂದಕ್ಕೆ ಸುಮಾರು 12 ಮಕ್ಕಳು, ಸಾವಿರ ಜನಕ್ಕೆ ಸುಮಾರು 7 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1; ಸಂಸ್ಕೃತ ಶಾಸ್ತ್ರಾಭ್ಯಾಸದ ನೆಲೆಗಳು 23. ಹಿಂದೂ ಬಾಲಕರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ಗಣಿಸಲ್ಪಟ್ಟವರು 2,998, ಇತರ ಜಾತಿಗಳವರು 1,174. ಮುಸಲ್ಮಾನ ಮಕ್ಕಳು 243. ಇಡೀ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದ ಬಾಲಕಿಯರು 60 ಮಂದಿ ಮಾತ್ರ. ಮಠಶಾಲೆ ಒಂದೇ ವರ್ಣದ ಸ್ವತ್ತಾಗಿರಲಿಲ್ಲವೆಂಬುದು ಈ ಅಂಕಿಗಳಿಂದ ಸ್ಪಷ್ಟ. ಅದು ಎಲ್ಲರದೂ ಆಗಿರಲಿಲ್ಲವೆಂಬುದು ಅಷ್ಟೇ ಸ್ಪಷ್ಟ.

ಮಗುವಿಗೆ ಐದು ವರ್ಷ ತುಂಬಿದಾಗ ವಿದ್ಯಾರಂಭ. ಉಪಾಧ್ಯಾಯನೂ ಶಾಲೆಯ ಮಕ್ಕಳೂ ಮನೆಗೆ ಬಂದು ಗಣಪತಿಯ ಮೂರ್ತಿಯ ಸುತ್ತ ಕುಳಿತುಕೊಳ್ಳುತ್ತಿದ್ದರು. ಧೂಪಾರ್ಪಣೆಯಾದ ಮೇಲೆ ಮಗು ವಿದ್ಯೆಗಾಗಿ ಪ್ರಾರ್ಥಿಸುತ್ತಿತ್ತು. ಗುರು ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದನು. ಶಕ್ತ್ಯನುಸಾರ ಗುರುವಿಗೆ ಕಾಣಿಕೆ ಸಲ್ಲುತ್ತಿತ್ತು. ಶಾಲೆಯೇ ಮಗುವಿನ ಮನೆಗೆ ಬಂದು ಅದನ್ನು ಕರೆದುಕೊಳ್ಳುವ ಈ ಸಂಪ್ರದಾಯದಲ್ಲಿ ಎಷ್ಟು ಸೌಜನ್ಯವಿದೆ! ಮರುದಿನ ಬೆಳಗಿನಿಂದ ನಿತ್ಯದ ಶಾಲೆ ಆರಂಭ.

ಶಾಲೆ ತೆರೆಯುವುದು ಬೆಳಗ್ಗೆ ಆರು ಗಂಟೆಗೆ. ಮೊದಲು ಬಂದ ಬಾಲಕನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯ ಮೇಲೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಹೆಚ್ಚು. ಸೋಮಾರಿಗಳಿಗೆ ಇನ್ನೂ ಕಠಿನವಾದ ಶಿಕ್ಷೆಗಳಿದ್ದುವು. ಅವರಿಗೆ ಹೊಡೆತ ಬೀಳುತ್ತಿತ್ತು. ಅನೇಕ ವೇಳೆ ಎರಡೂ ಕೈಗಳನ್ನು ಕಟ್ಟಿ ರಾಟೆಯ ಮೂಲಕ ಮಾಡಿನಿಂದ ತೂಗಹಾಕುತ್ತಿದ್ದರು. ಜನ ‘ಕೋದಂಡ’ವೆಂದು ಕರೆದದ್ದು ಈ ಬಗೆಯ ಶಿಕ್ಷೆಯನ್ನೇ. ಬಿಡುವಿಲ್ಲದೆ ಕೂತು ಏಳಿಸುವ ಬಸ್ಕಿಯೂ ಇತ್ತು. ಇವು ತೀವ್ರವಾದ ಶಿಕ್ಷೆಗಳೆಂದು ಕ್ಯಾಂಪ್‌ಬೆಲ್ ಗುರುತಿಸಿದನು. ಬಸ್ಕಿ ಮಾತ್ರ ದೇಹಕ್ಕೆ ಒಳ್ಳೆಯದಿರಬಹುದೆಂದು ಸೇರಿಸಿದನು.

ಬೆಳಗಿನ ಈ ಪದ್ಧತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಶಾಲೆಯೊಂದರಲ್ಲಿ ಸರಾಸರಿಯಂತೆ 12 ಮಕ್ಕಳಿದ್ದರೆ, ಹನ್ನೆರಡನೆಯವನಿಗೆ 10 ಪೆಟ್ಟು; ಎಲ್ಲ ಮಕ್ಕಳ ಪಾಲು ಸೇರಿ ದಿನಕ್ಕೆ 55. ಮಕ್ಕಳು 20 ಇದ್ದರೆ ಕೊನೆಯವನಿಗೆ 18, ಒಟ್ಟು 171. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪೆಟ್ಟು ತಡವಾದುದಕ್ಕಲ್ಲ, ಸರತಿಗೆ. ಹನ್ನೆರಡು ಮಕ್ಕಳೂ ಹೊತ್ತಿಗೆ ಮುಂಚೆಯೇ ಬಂದರೂ ಅವರಲ್ಲಿ ಹತ್ತು ಮಂದಿಗೆ ಪೆಟ್ಟು ತಪ್ಪದು. ಎಲ್ಲರೂ ಒಳ್ಳೆಯವರಾಗಲು ಈ ಪದ್ಧತಿಯಲ್ಲಿ ಅವಕಾಶವೇ ಇಲ್ಲ. ಒಬ್ಬನ ಗೌರವಕ್ಕೆ ಹತ್ತು ಮಂದಿಯ ನೋವು ಅಡಿಪಾಯ. ಮನೆ ಹತ್ತಿರವಿದ್ದವನು, ಬೆಳಗಿನ ದುಡಿಮೆಯಿಲ್ಲದವನು ಸರಸ್ವತಿಯ ಹೆಸರನ್ನು ಪಡೆದಾನು. ದನ ಹೊರಗೆ ಕಟ್ಟಿ, ನೀರು ತಂದಿಟ್ಟು, ಊರಾಚೆಯಿಂದ ಓಡಿಬರುವ ಮಗುವಿಗೆ ಕೊನೆಯ ಸರತಿಯೇ ಗತಿ. ತಪ್ಪನ್ನು ತಿದ್ದುವುದು ಶಿಸ್ತು. ತಪ್ಪಿಲ್ಲದೆಡೆಯೂ ಪೆಟ್ಟನ್ನು ನಿಶ್ಚಯಿಸುವುದು ಕೇವಲ ರೂಢಿ.

ಆದರೆ ಅದೇ ಶಾಲೆಯಲ್ಲಿ, ಅದೇ ಸೂರಿನ ಕೆಳಗೆ, ಇನ್ನೊಂದು ವ್ಯವಸ್ಥೆಯೂ ನಡೆಯುತ್ತಿತ್ತು. ಎಲ್ಲರೂ ಸೇರಿದ ಮೇಲೆ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಕೆಳಗಿನ ತರಗತಿಗಳ ಹೊಣೆ ಬಹುಮಟ್ಟಿಗೆ ಮುಂದುವರಿದ ವಿದ್ಯಾರ್ಥಿಗಳದು. ಮೇಲಿನ ತರಗತಿಗಳು ಗುರುವಿನ ನೇರ ಮೇಲ್ವಿಚಾರಣೆಯಲ್ಲಿ, ಅವನ ಕಣ್ಣು ಮಾತ್ರ ಎಲ್ಲರ ಮೇಲೆ. ತರಗತಿಯಿಂದ ತರಗತಿಗೆ ಏರುವುದು ಯೋಗ್ಯತೆಯಿಂದ. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಓಲೆಗರಿ ಮತ್ತು ಕಂಠ, ಇಲ್ಲವೆ ಕಾಗದ ಮತ್ತು ಲೆಕ್ಕಣಿಕೆ. ಈ ಸೀಮೆಯಲ್ಲಿ ಹೆಚ್ಚು ರೂಢಿಯಲ್ಲಿದ್ದುವು ಹಲಗೆ ಮತ್ತು ಕಡತ. ಒಂದಡಿ ಅಗಲ, ಮೂರಡಿ ಉದ್ದದ ನುಣುಪಾದ ಹಲಗೆಗೆ ಅನ್ನ ಮತ್ತು ಇದ್ದಲಿನ ಪುಡಿಯನ್ನು ಬಳಿಯುತ್ತಿದ್ದರು. ಬಟ್ಟೆಗೆ ಗಂಜಿ ಹಾಕಿ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಲೇಪಿಸಿದರೆ ಕಡತ. ಬರೆಯಲು ಬಳಪ, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಇಷ್ಟು ಅಲ್ಪ ವೆಚ್ಚದಲ್ಲಿ ಬರವಣಿಗೆ ಕಲಿಸುವ ಉಪಾಯವನ್ನೂ, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದನು. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದನು.

ಈ ಅನುಕರಣೆಯ ಕಥೆ ತಿಳಿಯತಕ್ಕದ್ದು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡನು. ತನ್ನ ಶಾಲೆಯಲ್ಲಿಯೂ ಅದನ್ನು ತರಲು ಹೋದಾಗ ಉಪಾಧ್ಯಾಯರು ಒಗ್ಗಲಿಲ್ಲ. ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಬಾಲಕನಿಗೆ ಚಿಕ್ಕವರ ಹೊಣೆ ಒಪ್ಪಿಸಲು ಕೆಲಸ ಸುಗಮವಾಯಿತು. 1797ರಲ್ಲಿ ಬೆಲ್ ಇದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರ್ ಎಂಬುವನು ಇದೇ ಬಗೆಯ ಪದ್ಧತಿಯನ್ನು ಬಡಮಕ್ಕಳ ದೊಡ್ಡ ಶಾಲೆಗಳಿಗೆ ಅಳವಡಿಸಿದನು. ಅವನು ಬೆತ್ತವನ್ನು ವಿರೋಧಿಸಿದನು. ಆದರೆ ಅದರ ಬದಲು ತುಂಟ ಮಕ್ಕಳ ಕೊರಳಿಗೆ ಮರದ ತುಂಡು ಕಟ್ಟುವುದನ್ನೂ, ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ತೂಗಹಾಕುವುದನ್ನೂ ಬಳಕೆಗೆ ತಂದನು. ಬಳ್ಳಾರಿಯ ರಾಟೆಗೂ ಲಂಡನ್ನಿನ ಬುಟ್ಟಿಗೂ ಏನು ಅಂತರ? ಮಗುವನ್ನು ದಂಡಿಸುವುದು ಪೂರ್ವದ ದೋಷವೂ ಅಲ್ಲ, ಪಶ್ಚಿಮದ ದೋಷವೂ ಅಲ್ಲ. ಕಲಿಸುವವನ ಅಸಹಾಯಕತೆ ಎಲ್ಲೆಡೆಯೂ ಒಂದೇ ಹಗ್ಗವನ್ನು ಹುಡುಕುತ್ತದೆ.

ಈ ಅಸಹಾಯಕತೆಯ ಮೂಲವೆಲ್ಲಿ? ಅದರ ಸುಳಿವು ಅದೇ ವರದಿಯಲ್ಲಿದೆ. ಶಾಲೆಗಳಲ್ಲಿ ಓದಿಸುತ್ತಿದ್ದ ಗ್ರಂಥಗಳನ್ನು ಕ್ಯಾಂಪ್‌ಬೆಲ್ ಹೆಸರಿಸುತ್ತಾನೆ. ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ ಸಾಮಾನ್ಯ. ಲಿಂಗಧಾರಿಗಳ ಮಕ್ಕಳು ಇವುಗಳೊಡನೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರು. ಕಾಲಕ್ಷೇಪಕ್ಕೆ ಪಂಚತಂತ್ರ ಮತ್ತು ಬೇತಾಳನ ಕಥೆಗಳು. ಭಾಷಾಶಾಸ್ತ್ರಕ್ಕೆ ಅಮರಕೋಶ, ಶಬ್ದಮಣಿದರ್ಪಣಗಳು. ಹರಿಹರ ರಾಘವಾಂಕರು ಹಂಪೆಯವರು. ವಿರೂಪಾಕ್ಷ ಪಂಡಿತನು ಚೆನ್ನಬಸವಪುರಾಣವನ್ನು 1584ರಲ್ಲಿ ರಚಿಸಿದನು. ತಮ್ಮ ಸೀಮೆಯ ಮಹಾಕವಿಗಳ ಕೃತಿಗಳು ಬಳ್ಳಾರಿಯ ಮಕ್ಕಳಿಗೆ ಬಾಲ್ಯದಲ್ಲೇ ದೊರೆಯುತ್ತಿದ್ದುವೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಹೆಮ್ಮೆಯ ವಿಷಯವೇ ಸರಿ.

ಆದರೆ ಹೆಮ್ಮೆಯ ಬೆನ್ನಿಗೇ ವ್ಯಥೆಯೂ ಇದೆ. ಈ ಕಾವ್ಯಗಳ ಭಾಷೆ ಆಡುಮಾತಿನಿಂದ ದೂರವಾದುದು. ಮಕ್ಕಳು ಪದ್ಯಗಳನ್ನು ರಾಶಿರಾಶಿಯಾಗಿ ಬಾಯಿಪಾಠ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಅವರಿಗೆ ಗಿಳಿಗೆ ತಿಳಿದಷ್ಟೇ ತಿಳಿದಿತ್ತು. ಅನೇಕ ಕಡೆ ಉಪಾಧ್ಯಾಯನಿಗೂ ಅರ್ಥ ಹೇಳುವ ಶಕ್ತಿಯಿರಲಿಲ್ಲ. ಕಲಿಸುವ ಗ್ರಂಥಗಳ ಸ್ವರೂಪ, ಸಮರ್ಥ ಗುರುಗಳ ಅಭಾವ ಇವೇ ಈ ಶಾಲೆಗಳ ಮುಖ್ಯ ಕೊರತೆಗಳೆಂಬುದು ವರದಿಯ ತೀರ್ಮಾನ. ಈ ತೀರ್ಮಾನವನ್ನೂ ಕೋದಂಡದ ವರ್ಣನೆಯನ್ನೂ ಕ್ಯಾಂಪ್‌ಬೆಲ್ ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ಸೇರಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಅರ್ಥವಾದ ಪಾಠ ತನ್ನ ರುಚಿಯಿಂದಲೇ ಮಗುವನ್ನು ಕೂರಿಸುತ್ತದೆ. ಅರ್ಥವಾಗದ ಪಾಠವನ್ನು ಬಾಯಿಗೆ ತುಂಬಲು ಭಯವೊಂದೇ ಸಾಧನ. ಅರ್ಥ ತೆರವು ಮಾಡಿದ ಜಾಗಕ್ಕೆ ಬೆತ್ತ ಬಂದು ಕುಳಿತಿತು. ಮಕ್ಕಳು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ಕಲಿಸುವಾಗ ಬೇಕಾಗದ ಭಯ, ತಿಳಿಯದ ಪುರಾಣವನ್ನು ಒಪ್ಪಿಸುವಾಗ ಬೇಕಾಯಿತು. ಕರುಣೆಯ ಕಥೆ ಹೇಳುವ ಬಸವಪುರಾಣವನ್ನು ಕೋದಂಡದ ನೆರಳಿನಲ್ಲಿ ಕಲಿತ ಮಗುವಿಗೆ ಆ ಕರುಣೆ ಎಷ್ಟು ಮುಟ್ಟಿದ್ದೀತು?

ಬಳ್ಳಾರಿಯ ಈ ವರದಿಗೆ ಮುಂದೆ ವಿಚಿತ್ರವಾದ ಭಾಗ್ಯ ಒದಗಿತು. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲವೆಂದೂ, ದೇಶ ಕ್ರಮೇಣ ಬಡವಾದುದೇ ಇದಕ್ಕೆ ಕಾರಣವೆಂದೂ, ವಿಲಾಯಿತಿ ಬಟ್ಟೆಗಳಿಂದ ಇಲ್ಲಿನ ನೇಯ್ಗೆಯವರ ಜೀವನೋಪಾಯ ಕುಗ್ಗಿತೆಂದೂ ಕಂಪನಿಯ ಅಧಿಕಾರಿಯೇ ಅದರಲ್ಲಿ ಬರೆದಿದ್ದನು. ಗಾಂಧೀಜಿ 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಮಾತನಾಡುತ್ತ, ಭಾರತದ ವಿದ್ಯೆಯ ಚೆಲುವಾದ ಮರವನ್ನು ಬ್ರಿಟಿಷರು ಬೇರು ಕೆದಕಿ ಒಣಗಿಸಿದರೆಂದು ಹೇಳಿದಾಗ, ಫಿಲಿಪ್ ಹಾರ್ಟಾಗ್ ಅದನ್ನು ಅಲ್ಲಗಳೆದರು. ವಾದ ಬಹುಕಾಲ ನಡೆಯಿತು. 1983ರಲ್ಲಿ ಧರಂಪಾಲರು ಮದರಾಸಿನ ಜಿಲ್ಲಾ ವರದಿಗಳನ್ನೆಲ್ಲ ಸಂಗ್ರಹಿಸಿ ಪ್ರಕಟಿಸಿದರು. ಆ ಗ್ರಂಥಕ್ಕೆ ಗಾಂಧೀಜಿಯವರ ಮರದ ರೂಪಕವೇ ಹೆಸರಾಯಿತು. ಅಂದಿನಿಂದ ಕ್ಯಾಂಪ್‌ಬೆಲ್ಲನ ವರದಿಯನ್ನು ಉಲ್ಲೇಖಿಸದ ಶಿಕ್ಷಣ ಚರಿತ್ರೆ ವಿರಳ. ಆದರೆ ಹಳೆಯ ಶಾಲೆಯನ್ನು ಕೊಂಡಾಡುವವರು ಹಿರಿಯ ಮಕ್ಕಳು ಕಿರಿಯರಿಗೆ ಕಲಿಸಿದ ಭಾಗವನ್ನು ಎತ್ತಿಕೊಂಡು ರಾಟೆಯನ್ನು ಮರೆಯುತ್ತಾರೆ. ನಿಂದಿಸುವವರು ರಾಟೆಯನ್ನು ಎತ್ತಿಕೊಂಡು ಆ ಭಾಗವನ್ನು ಮರೆಯುತ್ತಾರೆ. ಎರಡೂ ಒಂದೇ ದಾಖಲೆಯಲ್ಲಿರುವುದರಿಂದ ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಚರಿತ್ರೆಗೆ ಸಲ್ಲುವ ನ್ಯಾಯವಲ್ಲ.

ಬಳ್ಳಾರಿ ನಗರದಲ್ಲಿ ಹೊಸ ಬಗೆಯ ಶಾಲೆಗಳು ಆಗಲೇ ಬೇರೂರುತ್ತಿದ್ದುವು. ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಲಂಡನ್ ಮಿಶನ್ನಿನ ಕೆಲಸವನ್ನು ಆರಂಭಿಸಿದ್ದನು. ವಾರ್ಡ್‌ಲಾ ಅವರ ಹೆಸರಿನ ಶಾಲೆ ಮುಂದೆ ನಗರದ ಹಲವು ತಲೆಮಾರುಗಳಿಗೆ ಇಂಗ್ಲಿಷ್ ವಿದ್ಯೆ ನೀಡಿತು. 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗಿ, 1945ರಲ್ಲಿ ಅದರ ಆಶ್ರಯದಲ್ಲಿ ವೀರಶೈವ ಕಾಲೇಜು ಆರಂಭವಾಯಿತು. ಮಠಶಾಲೆಯ ಅಯ್ಯಗಳ ಸ್ಥಾನಕ್ಕೆ ತರಬೇತಿ ಪಡೆದ ಉಪಾಧ್ಯಾಯರು ಬಂದರು, ಮರಳಿನ ಸ್ಥಾನಕ್ಕೆ ಕಲ್ಲುಹಲಗೆ ಬಂದಿತು, ಕೋದಂಡ ಕಣ್ಮರೆಯಾಯಿತು. ಬೆತ್ತ ಮಾತ್ರ ಉಳಿಯಿತು. ಮದರಾಸು ಶಿಕ್ಷಣ ನಿಯಮಾವಳಿ ಅದಕ್ಕೊಂದು ಮಿತಿ ಹಾಕಿತು: ಗಂಭೀರವಾದ ನಡತೆಗೇಡಿಗೆ ಮಾತ್ರ, ಮುಖ್ಯೋಪಾಧ್ಯಾಯನ ಮೇಲ್ವಿಚಾರಣೆಯಲ್ಲಿ, ಕೈಯ ಮೇಲೆ ಆರು ಪೆಟ್ಟಿಗೆ ಮೀರದಂತೆ. ತಮಿಳುನಾಡಿನಲ್ಲಿ ಈ ನಿಯಮ 2003ರವರೆಗೂ ಉಳಿದಿತ್ತು. ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿ ಮದರಾಸಿನ ಆಡಳಿತದಿಂದ ಹೊರಬಂದುವು.

ಹೊರನಾಡುಗಳಲ್ಲಿಯೂ ಈ ಬದಲಾವಣೆ ನಿಧಾನವಾಗಿಯೇ ನಡೆಯಿತು. ಪೋಲೆಂಡ್ ದೇಶ 1783ರಷ್ಟು ಹಿಂದೆಯೇ ಶಾಲೆಗಳಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಅದು ನಿಂತುದು 1986ರ ಕಾಯಿದೆಯಿಂದ. ಭಾರತದಲ್ಲಿ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ 2009ರಲ್ಲಿ ಅಂಗೀಕೃತವಾಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಹೀಗೆ ಕಾಯಿದೆ ಬೆತ್ತವನ್ನು ಕಸಿದುಕೊಂಡಿದೆ. ಆದರೆ ಬೆತ್ತ ಕುಳಿತಿದ್ದ ಜಾಗವನ್ನು ತುಂಬುವ ಕೆಲಸ ಕಾಯಿದೆಯಿಂದಾಗದು. ಬೆತ್ತ ಹೋಯಿತು, ಮಕ್ಕಳು ಮಾತು ಕೇಳರು ಎಂದು ಹಲುಬುವ ಉಪಾಧ್ಯಾಯನ ಕಷ್ಟ ಸುಳ್ಳಲ್ಲ. ಅರ್ಥವಿಲ್ಲದ ಕಂಠಪಾಠ ಉಳಿದಿರುವವರೆಗೆ ಭಯದ ಅಗತ್ಯವೂ ಒಂದಲ್ಲ ಒಂದು ವೇಷದಲ್ಲಿ ಉಳಿದೇ ಇರುತ್ತದೆ.

ಆ ಜಾಗವನ್ನು ತುಂಬುವ ವಸ್ತು ಈ ನೆಲಕ್ಕೆ ಹೊಸದಲ್ಲ. ಶಿಷ್ಯನ ಗೌರವಕ್ಕೆ ಗುರುವಿನ ಕರ್ತವ್ಯವನ್ನು ಜೋಡಿಸಿದ ಆಜ್ಞೆ ಬಂಡೆಗಳ ಮೇಲಿದೆ. ಕಲಿತವನು ಕಲಿಯುವವನ ಪಕ್ಕದಲ್ಲಿ ಕುಳಿತು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಕ್ರಮ ಬಳ್ಳಾರಿಯ ಮಠಶಾಲೆಗಳಲ್ಲಿತ್ತು. ಹೊಣೆ ಹೊತ್ತ ಮಗು ತಾನಾಗಿ ಶಿಸ್ತನ್ನು ಕಲಿಯುತ್ತದೆ ಎಂಬ ಸತ್ಯವನ್ನು ಆ ಬಡ ಶಾಲೆಗಳು ಜಗತ್ತಿಗೆ ತೋರಿಸಿಕೊಟ್ಟುವು. ಪರಂಪರೆಯೆಂದು ಕಾಪಾಡತಕ್ಕದ್ದು ಇದನ್ನು. 1823ರ ಬೆಳಗಿನಲ್ಲಿ ಮೊದಲು ಬಂದ ಒಬ್ಬ ಬಾಲಕನ ಅಂಗೈಗೆ ಮಾತ್ರ ಸರಸ್ವತಿಯ ಹೆಸರು ಸಂದಿತು. ಪೆಟ್ಟಿಗೆಂದು ಕೈಯೊಡ್ಡಿದ ಮಕ್ಕಳ ಅಂಗೈಗಳೂ ಆ ಹೆಸರಿಗೆ ಅಷ್ಟೇ ತಕ್ಕವಾಗಿದ್ದುವು. ಕೊನೆಯಲ್ಲಿ ಓಡಿಬಂದ ಮಗುವಿನ ಅಂಗೈಯ ಮೇಲೆಯೂ ಅದೇ ಹೆಸರನ್ನು ಬರೆಯಬಲ್ಲವನೇ ಗುರು.